ಮೀಟರಿನ ಮುಳ್ಳು, ಸೈಲೆನ್ಸರಿನ ಹೊಗೆ: ಎಂಜಿನ್ ಬದಲಿಸಿದ ಹಳೆಯ ಜಿಪ್ಸಿಯಲ್ಲಿ ದೋಷ ಹುಡುಕುವ ಕ್ರಮ

ಕಾರ್ಬುರೇಟರ್ ಇದ್ದ ಹಳೆಯ ಮಾರುತಿ ಜಿಪ್ಸಿಗೆ ಮುಂದಿನ ತಲೆಮಾರಿನ ಎಂಪಿಎಫ್‌ಐ, ಅಂದರೆ ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ, ಎಂಜಿನ್ ಕೂರಿಸಿಕೊಂಡವರು ಮಲೆನಾಡಿನ ತೋಟಗಳ ಕಡೆ ಇಂದಿಗೂ ಸಿಗುತ್ತಾರೆ. 1985ರಲ್ಲಿ ಬಂದ ಮೊದಲ ಜಿಪ್ಸಿಯಲ್ಲಿದ್ದದ್ದು 970 ಸಿಸಿ ಎಂಜಿನ್. 1996ರ ಜಿಪ್ಸಿ ಕಿಂಗ್‌ಗೆ 1298 ಸಿಸಿಯದು ಬಂತು, 2000ದ ಹೊತ್ತಿಗೆ ಕಾರ್ಬುರೇಟರ್ ಹೋಗಿ ಇಂಜೆಕ್ಟರುಗಳು ಬಂದವು. ಹಳೆಯ ಗಾಡಿಗೆ ಹೊಸ ಎಂಜಿನ್ ಹೊಂದಿಸುವುದು ಕಬ್ಬಿಣದ ಕೆಲಸದ ಮಟ್ಟಿಗೆ ಅಷ್ಟೇನೂ ಕಷ್ಟವಲ್ಲ. ಆದರೆ ಕೆಲಸ ಮುಗಿದ ಆರು ತಿಂಗಳೊಳಗೆ ಎರಡು ದೂರುಗಳು ಹೆಚ್ಚುಕಡಿಮೆ ತಪ್ಪದೆ ಶುರುವಾಗುತ್ತವೆ: ಮೀಟರ್ ಬೋರ್ಡಿನ ಮುಳ್ಳುಗಳು ಸರಿಯಾಗಿ ತೋರಿಸುವುದಿಲ್ಲ, ಮತ್ತು ಎಮಿಷನ್ ಟೆಸ್ಟಿನಲ್ಲಿ ಗಾಡಿ ಪಾಸಾಗುವುದಿಲ್ಲ. ಮೊದಲನೆಯದಕ್ಕೆ ನಾವು ಎಲೆಕ್ಟ್ರಿಷಿಯನ್ ಬಳಿ ಹೋಗುತ್ತೇವೆ, ಎರಡನೆಯದಕ್ಕೆ ಮೆಕ್ಯಾನಿಕ್ ಬಳಿ. ಒಬ್ಬರು ಮೀಟರ್ ಬದಲಿಸುತ್ತಾರೆ, ಇನ್ನೊಬ್ಬರು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸುತ್ತಾರೆ, ಎರಡೂ ದೂರುಗಳು ಇದ್ದಲ್ಲೇ ಇರುತ್ತವೆ.

ಇವು ಬಹುತೇಕ ಒಂದೇ ರೋಗದ ಎರಡು ಲಕ್ಷಣಗಳೆಂಬುದು ನನಗೆ ತಿಳಿದದ್ದು ಸಾಕಷ್ಟು ದುಡ್ಡು ಕಳೆದ ಮೇಲೆ. ನನ್ನ ಗಾಡಿಯ ಟೆಂಪರೇಚರ್ ಮುಳ್ಳು ಎಂದೂ ಕಾಲು ಭಾಗ ದಾಟುತ್ತಿರಲಿಲ್ಲ. ಎಂಜಿನ್ ತಂಪಾಗಿದೆಯೆಂದು ನಾನು ಹೆಮ್ಮೆಪಡುತ್ತಿದ್ದೆ. ಟೆಸ್ಟಿನಲ್ಲಿ ಮಾತ್ರ ಕಾರ್ಬನ್ ಮೊನಾಕ್ಸೈಡ್ ಶೇಕಡ 4.2 ಬಂದಿತ್ತು. ಪ್ಲಗ್, ಫಿಲ್ಟರ್, ಸೆನ್ಸರ್ ಎಲ್ಲ ಬದಲಾದರೂ ಅಂಕಿ ಇಳಿಯಲಿಲ್ಲ. ಕೊನೆಗೆ ರೇಡಿಯೇಟರ್ ಮೇಲಿನ ಹೋಸ್ ಬಿಚ್ಚಿ ನೋಡಿದರೆ, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಇರಬೇಕಾದ ಗೂಡು ಖಾಲಿಯಾಗಿತ್ತು. ಎಂಜಿನ್ ಕೂರಿಸಿದವರು ‘ನಮ್ಮ ಸೆಕೆಗೆ ಇದು ಬೇಡ’ ಎಂದು ಅದನ್ನು ತೆಗೆದು ಎಸೆದಿದ್ದರು. ಎಂಜಿನ್ ಯಾವತ್ತೂ ಪೂರ್ತಿ ಬಿಸಿಯಾಗುತ್ತಲೇ ಇರಲಿಲ್ಲ; ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಗಾಡಿಗೆ ಕೊಡುವಂತೆ ದಿನವಿಡೀ ಹೆಚ್ಚು ಪೆಟ್ರೋಲ್ ಕೊಡುತ್ತಿತ್ತು. ಮುಳ್ಳು ಸತ್ಯವನ್ನೇ ಹೇಳುತ್ತಿತ್ತು, ನಾನು ಅದನ್ನು ತಪ್ಪಾಗಿ ಓದಿದ್ದೆ. ಹೊಸ ವಾಲ್ವ್ ಹಾಕಿದ ಮೇಲೆ ಅದೇ ಗಾಡಿ ಶೇಕಡ 0.4ಕ್ಕೆ ಇಳಿಯಿತು.

ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಪೆಟ್ರೋಲ್ ಮಿಶ್ರಣಕ್ಕೆ ಕೈ ಹಾಕುವುದು ಕೊನೆಗೆ. ಮೊದಲು ಅರ್ಥ್ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ), ಆಮೇಲೆ ಮುಳ್ಳುಗಳು, ನಂತರ ಎಂಜಿನ್ನಿನ ಉಷ್ಣತೆ, ಅದಾದ ಮೇಲಷ್ಟೇ ಹೊಗೆ. ಬೇಕಾದ ಸಲಕರಣೆ ಹೆಚ್ಚಿಲ್ಲ: ಒಂದು ಡಿಜಿಟಲ್ ಮಲ್ಟಿಮೀಟರ್, 12 ವೋಲ್ಟಿನ ಟೆಸ್ಟ್ ಲ್ಯಾಂಪ್, ನೂರು ಡಿಗ್ರಿಯವರೆಗೆ ತೋರಿಸುವ ಥರ್ಮಾಮೀಟರ್, ಮತ್ತು ನಿಮ್ಮ ಗಾಡಿಯದು, ಎಂಜಿನ್ ಬಂದ ಗಾಡಿಯದು ಎರಡರ ವೈರಿಂಗ್ ನಕ್ಷೆ. ನಕ್ಷೆ ಒಂದೇ ಇದ್ದರೆ ಅರ್ಧ ಮಾತ್ರ ಕೈಯಲ್ಲಿದೆ ಎಂದುಕೊಳ್ಳಿ. ಎಂಜಿನ್ ಓಡಿಸಿ ಪರೀಕ್ಷಿಸುವಾಗಲೆಲ್ಲ ಗಾಡಿ ಬಯಲಿನಲ್ಲಿರಲಿ. ಶೇಕಡ ನಾಲ್ಕರಷ್ಟು ಮೊನಾಕ್ಸೈಡ್ ಉಗುಳುವ ಎಂಜಿನ್ನನ್ನು ಮುಚ್ಚಿದ ಶೆಡ್ಡಿನಲ್ಲಿ ಓಡಿಸಿದರೆ ಜೀವಕ್ಕೇ ಅಪಾಯ.

ಅರ್ಥ್ ಪರೀಕ್ಷೆ

ಎಂಜಿನ್ ಬದಲಿಸುವಾಗ ಮೊದಲು ಬಿಚ್ಚುವುದು ಮತ್ತು ಕೊನೆಗೆ ಮರೆಯುವುದು ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿಯನ್ನು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ. ಪಟ್ಟಿ ಇಲ್ಲದಿದ್ದರೆ ಅಥವಾ ಬಣ್ಣ ಬಳಿದ ಜಾಗಕ್ಕೆ ಬೋಲ್ಟ್ ಮಾಡಿದ್ದರೆ ಕರೆಂಟು ಆಕ್ಸಲರೇಟರ್ ಕೇಬಲ್, ಗೇರ್ ಲಿವರ್, ಸ್ಪೀಡೋಮೀಟರ್ ಕೇಬಲ್ ಹೀಗೆ ಸಿಕ್ಕ ದಾರಿಯಲ್ಲಿ ಹೋಗುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಇದನ್ನು ಮಲ್ಟಿಮೀಟರಿನ ಬೀಪ್ ಶಬ್ದದಿಂದ ಪರೀಕ್ಷಿಸಬಾರದು. ಒಂದೇ ಒಂದು ಎಳೆ ಉಳಿದಿರುವ ತಂತಿಯೂ ಬೀಪ್ ಎನ್ನುತ್ತದೆ, ಆದರೆ ಹತ್ತು ಆಂಪಿಯರ್ ಹೊರಲಾರದು. ಸರಿಯಾದ ಪರೀಕ್ಷೆ ಕರೆಂಟು ಹರಿಯುತ್ತಿರುವಾಗ ನಡುವೆ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂಬುದನ್ನು ಅಳೆಯುವುದು. ಮೀಟರನ್ನು 2 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಸೀಸಕ್ಕೇ ಒತ್ತಿ, ಕ್ಲಾಂಪಿಗಲ್ಲ, ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಒತ್ತಿ, ಇನ್ನೊಬ್ಬರಿಗೆ ಸ್ಟಾರ್ಟರ್ ತಿರುಗಿಸಲು ಹೇಳಿ. 0.3 ವೋಲ್ಟಿಗಿಂತ ಹೆಚ್ಚು ಬಂದರೆ ಆ ದಾರಿ ಕೆಟ್ಟಿದೆ. ಆಮೇಲೆ ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್, ವೈಪರ್, ಬ್ಲೋವರ್ ಮೂರನ್ನೂ ಹಾಕಿ, ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ, ಮೀಟರ್ ಬೋರ್ಡಿನ ಕಪ್ಪು ತಂತಿಗೆ, ಇಸಿಯುವಿನ ಅರ್ಥ್ ಪಿನ್ನಿಗೆ ಒಂದೊಂದಾಗಿ ಅಳೆಯಿರಿ. ಬಾಡಿಗೆ 0.1ರೊಳಗೆ ಇರಬೇಕು, ಸೆನ್ಸರುಗಳ ಅರ್ಥಿಗೆ 0.05ಕ್ಕಿಂತ ಹೆಚ್ಚು ಇರಬಾರದು.

ಇಷ್ಟು ಸಣ್ಣ ಅಂಕಿಗೆ ಏಕೆ ಇಷ್ಟು ಹಠ ಎಂದು ಕೇಳಬಹುದು. ಕೂಲಂಟ್ ಉಷ್ಣತೆಯ ಸೆನ್ಸರ್ ಬಿಸಿಯಾದಷ್ಟೂ ಅದರ ರೋಧ ಕಡಿಮೆಯಾಗುತ್ತದೆ, ಇಸಿಯು ನೋಡುವ ವೋಲ್ಟೇಜೂ ಇಳಿಯುತ್ತದೆ. ಪೂರ್ತಿ ಬಿಸಿಯಾದ ಎಂಜಿನ್ನಿನಲ್ಲಿ ಅದು ಅರ್ಧ ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಸೆನ್ಸರಿನ ಅರ್ಥ್ 0.3 ವೋಲ್ಟ್ ಮೇಲೆದ್ದಿದ್ದರೆ ಇಸಿಯುವಿಗೆ ಎಂಜಿನ್ ಹತ್ತಾರು ಡಿಗ್ರಿ ತಣ್ಣಗಿರುವಂತೆ ಕಾಣುತ್ತದೆ ಮತ್ತು ಅದು ಪೆಟ್ರೋಲ್ ಹೆಚ್ಚಿಸುತ್ತದೆ. ಒಂದೇ ತಂತಿಯ ಆಕ್ಸಿಜನ್ ಸೆನ್ಸರ್ ತನ್ನ ಅರ್ಥನ್ನು ಸೈಲೆನ್ಸರ್ ಪೈಪಿನ ಮೂಲಕ ಎಂಜಿನ್ನಿನಿಂದಲೇ ಪಡೆಯುತ್ತದೆ. ಇಸಿಯುವಿನ ಅರ್ಥ್ ಎಂಜಿನ್ನಿಗಿಂತ ಮೇಲಿದ್ದರೆ ಅದರ ಸಂಕೇತ ಇದ್ದದ್ದಕ್ಕಿಂತ ಕಡಿಮೆಯಾಗಿ ಕಂಡು, ಮಿಶ್ರಣದಲ್ಲಿ ಪೆಟ್ರೋಲ್ ಸಾಲದೆಂದು ಇಸಿಯು ತಪ್ಪು ತಿಳಿಯುತ್ತದೆ. ಎರಡು ತಪ್ಪುಗಳೂ ಒಂದೇ ದಿಕ್ಕಿಗೆ, ಹೆಚ್ಚು ಪೆಟ್ರೋಲಿನ ಕಡೆಗೆ ಎಳೆಯುತ್ತವೆ. ಹೆಡ್‌ಲೈಟ್ ಹಾಕಿದೊಡನೆ ಟೆಂಪರೇಚರ್ ಅಥವಾ ಪೆಟ್ರೋಲ್ ಮುಳ್ಳು ಅಲುಗಿದರೆ ಈ ದೋಷ ನಿಮ್ಮ ಕಣ್ಣೆದುರೇ ಇದೆ ಎಂದರ್ಥ.

ಪರಿಹಾರಕ್ಕೆ ಖರ್ಚು ಕಡಿಮೆ, ಬೆವರು ಹೆಚ್ಚು. ಪ್ರತಿ ಅರ್ಥ್ ಬೋಲ್ಟ್ ಬಿಚ್ಚಿ, ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬ್ಯಾಟರಿ ಕೇಬಲಿನಷ್ಟು ದಪ್ಪದ ಹೊಸ ಪಟ್ಟಿಯೊಂದನ್ನು ಗೇರ್‌ಬಾಕ್ಸ್ ಬೋಲ್ಟಿನಿಂದ ಚಾಸಿಗೂ ಇನ್ನೊಂದನ್ನು ಬ್ಲಾಕಿನಿಂದ ಬಾಡಿಗೂ ಹಾಕಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಸವರಬೇಕು. ಮಳೆಗಾಲದಲ್ಲಿ ಕೆಸರಿನಲ್ಲೇ ಓಡುವ ಗಾಡಿಗೆ ಇದು ಎರಡು ವರ್ಷಕ್ಕೊಮ್ಮೆಯ ಕೆಲಸ.

ಮುಳ್ಳುಗಳು

ಇನ್ನು ಮೀಟರ್ ಬೋರ್ಡಿನ ವಿಷಯ. ಪೆಟ್ರೋಲ್ ಮುಳ್ಳು ಮತ್ತು ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ತಪ್ಪು ತೋರಿಸುತ್ತಿದ್ದರೆ ಸೆಂಡರುಗಳನ್ನು, ಅಂದರೆ ಮುಳ್ಳುಗಳಿಗೆ ಸಂಕೇತ ಕಳಿಸುವ ಭಾಗಗಳನ್ನು, ಬಿಚ್ಚಲು ಹೋಗಬೇಡಿ. ಆ ಕಾಲದ ಮೀಟರುಗಳಿಗೆ ಬ್ಯಾಟರಿಯ ಏರಿಳಿತ ತಾಗದಂತೆ ಸಣ್ಣದೊಂದು ವೋಲ್ಟೇಜ್ ರೆಗ್ಯುಲೇಟರ್ ಇರುತ್ತದೆ. ಅದು ಕೆಟ್ಟು ಪೂರ್ತಿ ವೋಲ್ಟೇಜ್ ಬಿಟ್ಟರೆ ಎರಡೂ ಮುಳ್ಳುಗಳು ಮೇಲೇರುತ್ತವೆ. ಏನನ್ನೂ ಬಿಡದಿದ್ದರೆ ಎರಡೂ ಮಲಗುತ್ತವೆ. ಒಂದು ಮಾತ್ರ ತಪ್ಪಿದರೆ ಅದರ ಸೆಂಡರ್ ಅಥವಾ ತಂತಿಯನ್ನು ಹಿಡಿಯಬೇಕು.

ತಂತಿಯ ಪರೀಕ್ಷೆ ಎರಡು ನಿಮಿಷದ್ದು. ಕೀ ಆನ್ ಮಾಡಿ ಟೆಂಪರೇಚರ್ ಸೆಂಡರಿನ ತಂತಿ ಕಿತ್ತರೆ ಮುಳ್ಳು ತಣ್ಣನೆಯ ಕೊನೆಗೆ ಬೀಳಬೇಕು. ಅದೇ ತಂತಿಯನ್ನು ಟೆಸ್ಟ್ ಲ್ಯಾಂಪಿನ ಮೂಲಕ ಒಂದು ಕ್ಷಣ ಬ್ಲಾಕಿಗೆ ತಾಗಿಸಿದರೆ ಮುಳ್ಳು ಬಿಸಿಯ ಕಡೆಗೆ ಏರಬೇಕು. ನೇರ ತಾಗಿಸಿ ಹಿಡಿದುಕೊಂಡರೆ ಮೀಟರ್ ಸುಡಬಹುದು. ಎರಡೂ ಸರಿಯಾಗಿ ಆದರೆ ಮೀಟರ್ ಮತ್ತು ತಂತಿ ಚೆನ್ನಾಗಿವೆ, ತಪ್ಪು ಸೆಂಡರಿನಲ್ಲಿದೆ.

ಸೆಂಡರ್ ಬದಲಿಸುವಾಗ ಒಂದು ಎಚ್ಚರಿಕೆ ಹೇಳಲೇಬೇಕು. ಒಂದೇ ತಂತಿಯ ಸೆಂಡರ್ ಅರ್ಥ್ ಪಡೆಯುವುದು ತನ್ನ ಮರೆಯಿಂದ, ಅಂದರೆ ಸ್ಕ್ರೂ ಸುತ್ತುಗಳಿಂದ. ನೀರು ಸೋರದಿರಲೆಂದು ಅದಕ್ಕೆ ನಲ್ಲಿ ಕೆಲಸದವರ ಬಿಳಿ ಟೆಫ್ಲಾನ್ ಟೇಪನ್ನು ನಾಲ್ಕು ಸುತ್ತು ಸುತ್ತಿ ಬಿಗಿದರೆ ಸೆಂಡರ್ ಒಂದು ಹನಿಯೂ ಸೋರುವುದಿಲ್ಲ, ಸರಿಯಾಗಿ ತೋರಿಸುವುದೂ ಇಲ್ಲ. ಬ್ಲಾಕಿನಿಂದ ಹೊರಗೆ ಇಣುಕುವ ಆ ಬಿಳಿ ಅಂಚನ್ನು ನಾನು ಬೇರೆ ಬೇರೆ ಗಾಡಿಗಳಲ್ಲಿ ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಲ್ಲ. ಮೊನಚು ಮರೆಗೆ ಟೇಪ್ ಬೇಡ. ಬೇಕೆನಿಸಿದರೆ ಮೇಲಿನ ಸುತ್ತುಗಳಿಗೆ ಮಾತ್ರ ತೆಳುವಾಗಿ ಸೀಲಂಟ್ ಹಚ್ಚಿದರೆ ಸಾಕು.

ಎಂಪಿಎಫ್‌ಐ ಎಂಜಿನ್ನಿನಲ್ಲಿ ಉಷ್ಣತೆ ಅಳೆಯುವ ಭಾಗಗಳು ಎರಡಿರುತ್ತವೆ ಎಂಬುದನ್ನೂ ಇಲ್ಲೇ ಹೇಳಬೇಕು: ಒಂದು ತಂತಿಯದು ಮುಳ್ಳಿಗೆ, ಎರಡು ತಂತಿಯದು ಇಸಿಯುವಿಗೆ. ತಂತಿ ಸಾಲದೆ ಬಂದಾಗ ಒಂದರಿಂದಲೇ ಎರಡಕ್ಕೂ ಜೋಡಿಸಿಬಿಡುವ ಚಾಳಿ ಕೆಲವರಲ್ಲಿದೆ. ಹಾಗೆ ಮಾಡಿದರೆ ಮುಳ್ಳು ಎಳೆದುಕೊಳ್ಳುವ ಕರೆಂಟು ಇಸಿಯುವಿನ ಲೆಕ್ಕವನ್ನು ಪೂರ್ತಿ ಕೆಡಿಸುತ್ತದೆ. ಎರಡು ತಂತಿಯ ಸೆನ್ಸರನ್ನು ಬಿಚ್ಚಿ ಓಮ್‌ನಲ್ಲಿ ಅಳೆದರೆ, ಸುಜುಕಿ ಎಂಜಿನ್ನುಗಳಲ್ಲಿ 20 ಡಿಗ್ರಿಗೆ ಸುಮಾರು 2,200ರಿಂದ 2,700 ಓಮ್, 80 ಡಿಗ್ರಿಗೆ ಸುಮಾರು 300 ಓಮ್ ಬರಬೇಕು.

ಪೆಟ್ರೋಲ್ ಮುಳ್ಳಿನ ದೋಷಕ್ಕೆ ಬದಲಾದ ಗಾಡಿಗಳಲ್ಲಿ ವಿಶೇಷ ಕಾರಣವೊಂದಿದೆ. ಕಾರ್ಬುರೇಟರ್ ಕಾಲದ ಟ್ಯಾಂಕಿನ ಫ್ಲೋಟಿಗೆ ಸಣ್ಣದೊಂದು ಅರ್ಥ್ ತಂತಿ ಸಾಕಾಗಿತ್ತು. ಇಂಜೆಕ್ಷನ್ನಿಗಾಗಿ ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇಟ್ಟು, ಅದರ ಅರ್ಥನ್ನೂ ಅದೇ ತಂತಿಗೆ ಸೇರಿಸಿದರೆ, ಪಂಪಿನ ನಾಲ್ಕೈದು ಆಂಪಿಯರ್ ಆ ತುಕ್ಕು ಹಿಡಿದ ತಂತಿಯಲ್ಲಿ ಹರಿಯುತ್ತದೆ. ಕೀ ಆನ್ ಇದ್ದಾಗ ಸರಿಯಾಗಿ ತೋರಿಸುವ ಮುಳ್ಳು, ಎಂಜಿನ್ ಸ್ಟಾರ್ಟ್ ಆದೊಡನೆ ಕೆಳಗೆ ಬಿದ್ದರೆ ಇದೇ ಕಾರಣ. ಇದರ ಇನ್ನೊಂದು ಮುಖ ಪಂಪಿಗೆ ಪೂರ್ತಿ ವೋಲ್ಟೇಜ್ ಸಿಗದೆ ಒತ್ತಡ ಇಳಿಯುವುದು. ಏರಿನಲ್ಲಿ ಎಂಜಿನ್ ಎಳೆಯುವುದಿಲ್ಲ, ಮಿಸ್ ಹೊಡೆದು ಸುಡದ ಪೆಟ್ರೋಲ್ ಸೈಲೆನ್ಸರಿಗೆ ಹೋಗುತ್ತದೆ. ಪಂಪಿಗೆ ಪ್ರತ್ಯೇಕ ದಪ್ಪ ಅರ್ಥ್ ಕೊಡಬೇಕು. ಮುಳ್ಳು ತಿರುವುಮುರುವಾಗಿ, ಅಂದರೆ ತುಂಬಿಸಿದಾಗ ಖಾಲಿ ಎಂದು ತೋರಿಸಿದರೆ ಫ್ಲೋಟ್ ಬೇರೆ ಕಂಪನಿಯದು. ತುಂಬಿದಾಗ ರೋಧ ಕಡಿಮೆಯಾಗುವವೂ ಇವೆ, ಹೆಚ್ಚಾಗುವವೂ ಇವೆ. ಟ್ಯಾಂಕ್ ತೆರೆಯುವ ಮುನ್ನ ಬ್ಯಾಟರಿ ಬಿಚ್ಚಿ ಪಕ್ಕಕ್ಕಿಡುವುದನ್ನು ಮರೆಯಬಾರದು.

ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಟ್ಯಾಕೋಮೀಟರ್ ನಿಜವಾದದ್ದರ ಸರಿಯಾಗಿ ಅರ್ಧ ತೋರಿಸಿದರೆ ಅದು ಕೆಟ್ಟಿಲ್ಲ. ಡಿಸ್ಟ್ರಿಬ್ಯೂಟರ್ ಇದ್ದ ನಾಲ್ಕು ಸಿಲಿಂಡರ್ ಎಂಜಿನ್ನಿನ ಕಾಯಿಲ್ ಒಂದು ಸುತ್ತಿಗೆ ಎರಡು ಸಲ ಕಿಡಿ ಕೊಡುತ್ತದೆ. ಎರಡು ಪ್ಲಗ್‌ಗೆ ಒಂದು ಕಾಯಿಲ್ ಇರುವ ಎಂಜಿನ್ನಿನಲ್ಲಿ ಪ್ರತಿ ಕಾಯಿಲ್ ಒಂದು ಸುತ್ತಿಗೆ ಒಂದೇ ಸಲ. ಇಸಿಯುವಿನ ಟ್ಯಾಕೋ ಪಿನ್ನಿನಿಂದ ಸಂಕೇತ ತೆಗೆದುಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸ್ಪೀಡೋಮೀಟರ್ ಸತ್ತಿದ್ದರೆ ‘ಇರಲಿ ಬಿಡಿ’ ಎನ್ನುವವರೇ ಹೆಚ್ಚು. ಜಿಪ್ಸಿಯಲ್ಲಿ ಇದರ ಕೇಬಲ್ ಬರುವುದು ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ. ಆ ಕಾಲದ ಸುಜುಕಿಯ ಇಂಜೆಕ್ಷನ್ ಗಾಡಿಗಳಲ್ಲಿ ಹಲವಕ್ಕೆ ವೇಗದ ಸಂಕೇತ ಕೊಡುವ ಸಣ್ಣ ರೀಡ್ ಸ್ವಿಚ್ ಮೀಟರಿನ ಒಳಗೇ ಇತ್ತು. ಆ ವ್ಯವಸ್ಥೆ ಉಳಿಸಿಕೊಂಡ ಗಾಡಿಯಲ್ಲಿ ಕೇಬಲ್ ತುಂಡಾದರೆ ಇಸಿಯು ಗಾಡಿ ನಿಂತೇ ಇದೆ ಎಂದು ತಿಳಿಯುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದಾಗಿನ ನಡವಳಿಕೆ, ಐಡ್ಲಿಂಗ್ ಎರಡೂ ಕೆಡುತ್ತವೆ. ಟೈರ್ ದೊಡ್ಡದು ಮಾಡಿದವರು ಲೆಕ್ಕ ಹಾಕಿಕೊಳ್ಳಬೇಕು: 205/70 ಆರ್15 ಟೈರಿನ ವ್ಯಾಸ 668 ಮಿಲಿಮೀಟರ್, 235/75 ಆರ್15ರದು ಸುಮಾರು 733. ಮೀಟರ್ 60 ತೋರಿಸುವಾಗ ನೀವು ಹೋಗುತ್ತಿರುವುದು ಸುಮಾರು 66ರ ವೇಗದಲ್ಲಿ.

ಮೀಟರ್ ಬೋರ್ಡಿನ ಬಲ್ಬುಗಳನ್ನೆಲ್ಲ ಎಲ್‌ಇಡಿ ಮಾಡಿಸಿದ್ದರೆ ಬ್ಯಾಟರಿ ಚಿಹ್ನೆಯ ಬಲ್ಬನ್ನು ಹಳೆಯದಕ್ಕೇ ಬದಲಿಸಿ. ಆ ಬಲ್ಬಿನ ಮೂಲಕ ಹರಿಯುವ ಸಣ್ಣ ಕರೆಂಟಿನಿಂದಲೇ ಆಲ್ಟರ್ನೇಟರ್ ಎಚ್ಚರಗೊಳ್ಳುವುದು; ಎಲ್‌ಇಡಿ ಅಷ್ಟನ್ನು ಬಿಡುವುದಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಬೆಲೆಯಿಲ್ಲ.

ಥರ್ಮೋಸ್ಟಾಟ್

ವಾಲ್ವ್ ಇದೆಯೋ ಇಲ್ಲವೋ ತಿಳಿಯಲು ಬಿಚ್ಚಬೇಕಾಗಿಲ್ಲ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮೇಲೆ ಕೈಯಿಡಿ. ಮೊದಲ ಕೆಲವು ನಿಮಿಷ ಅದು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಕೈ ಇಡಲಾರದಷ್ಟು ಬಿಸಿಯಾದರೆ ವಾಲ್ವ್ ಕೆಲಸ ಮಾಡುತ್ತಿದೆ. ಮೊದಲ ನಿಮಿಷದಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಹೋದರೆ ವಾಲ್ವ್ ಇಲ್ಲ, ಅಥವಾ ತೆರೆದೇ ನಿಂತಿದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಬೇಡಿ.

ಹಳೆಯದನ್ನು ಅಥವಾ ಅಂಗಡಿಯಿಂದ ತಂದ ಹೊಸದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಅಡುಗೆಗೆ ಮತ್ತೆ ಬಳಸದ ಪಾತ್ರೆಯಲ್ಲಿ ನೀರಿಟ್ಟು, ವಾಲ್ವಿನ ಬಾಯಿಗೆ ದಾರ ಸಿಕ್ಕಿಸಿ ತಳ ತಾಗದಂತೆ ತೂಗುಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಳಿಸಿ ಒಲೆ ಹಚ್ಚಿ. ವಾಲ್ವಿನ ಮೇಲೆ ಅಚ್ಚಾಗಿರುವ ಅಂಕಿ, ಉದಾಹರಣೆಗೆ 82, ಅದು ತೆರೆಯಲು ಶುರುಮಾಡುವ ಉಷ್ಣತೆ. ಆ ಹೊತ್ತಿಗೆ ದಾರ ಸಡಿಲಾಗಿ ವಾಲ್ವ್ ತಾನೇ ಪಾತ್ರೆಯ ತಳಕ್ಕೆ ಬೀಳುತ್ತದೆ. ನೋಡುತ್ತ ಕೂರಬೇಕಾಗಿಲ್ಲ, ‘ಟಣ್’ ಎಂಬ ಸದ್ದು ಬಂದಾಗ ಥರ್ಮಾಮೀಟರ್ ಓದಿದರಾಯಿತು. ಒಂದೆರಡು ಡಿಗ್ರಿ ಆಚೀಚೆ ಇದ್ದರೆ ಚಿಂತೆಯಿಲ್ಲ. 70ಕ್ಕೇ ಬಿದ್ದರೆ ಹಿಂತಿರುಗಿಸಿ. ಕೂರಿಸುವಾಗ ಗಾಳಿ ಬಿಡುವ ಸಣ್ಣ ರಂಧ್ರ ಮೇಲ್ಭಾಗಕ್ಕೆ ಬರಬೇಕು, ಇಲ್ಲವಾದರೆ ಒಳಗೆ ಗಾಳಿ ಸಿಕ್ಕಿಕೊಂಡು ಮುಳ್ಳು ಏರಿಳಿಯುತ್ತದೆ, ನೀವು ಮತ್ತೆ ಸೆಂಡರನ್ನು ಬೈಯುತ್ತೀರಿ.

ಎಮಿಷನ್ ಚೀಟಿಯನ್ನು ಓದುವುದು

ಪಾಸೋ ಫೇಲೋ ಎಂಬುದನ್ನು ಮಾತ್ರ ನೋಡಿ ಚೀಟಿಯನ್ನು ಡ್ಯಾಶ್‌ಬೋರ್ಡಿಗೆ ತುರುಕುವವರಿಗೆ ಅರ್ಧ ದುಡ್ಡು ನಷ್ಟ. ನಾಲ್ಕು ಅನಿಲಗಳನ್ನು ಅಳೆಯುವ ಯಂತ್ರವಾದರೆ ಅದರ ಪರದೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್, ಕಾರ್ಬನ್ ಡೈ ಆಕ್ಸೈಡ್, ಆಮ್ಲಜನಕ ನಾಲ್ಕೂ ಇರುತ್ತವೆ, ನಾಲ್ಕನ್ನೂ ಬರೆದುಕೊಳ್ಳಿ. ನಿಯಮದ ಪ್ರಕಾರ ಐಡ್ಲಿಂಗಿನಲ್ಲಿ, ಭಾರತ್ ಸ್ಟೇಜ್ (ಸರ್ಕಾರದ ಹೊಗೆ ಮಾನದಂಡದ ಹಂತ) 2ಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಮೊನಾಕ್ಸೈಡ್ ಶೇಕಡ 3 ಮತ್ತು ಹೈಡ್ರೋಕಾರ್ಬನ್ 1,500 ಪಿಪಿಎಂ, ಸ್ಟೇಜ್ 2 ಮತ್ತು 3ಕ್ಕೆ ಶೇಕಡ 0.5 ಮತ್ತು 750, ಸ್ಟೇಜ್ 4ಕ್ಕೆ ಶೇಕಡ 0.3 ಮತ್ತು 200 ಮಿತಿ. ನಿಮ್ಮ ಆರ್‌ಸಿಯ ವರ್ಷ ಹಳೆಯದಾದ್ದರಿಂದ ಶೇಕಡ 3ರ ಮಿತಿ ಸಿಗಬಹುದು. ಆದರೆ ಹೊಗೆಯ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಎಂಪಿಎಫ್‌ಐ ಎಂಜಿನ್ ಶೇಕಡ 2 ತೋರಿಸಿ ಪಾಸಾದರೆ ಅದನ್ನು ನಾನು ಫೇಲ್ ಎಂದೇ ಎಣಿಸುತ್ತೇನೆ; ಆ ಎಂಜಿನ್ 0.5ರೊಳಗೆ ಇರಬೇಕಾದದ್ದು.

ಮೊನಾಕ್ಸೈಡ್ ಹೆಚ್ಚು, ಆಮ್ಲಜನಕ ಇಲ್ಲವೆಂಬಷ್ಟು ಕಡಿಮೆ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ: ತಣ್ಣನೆಯ ಎಂಜಿನ್, ಸುಳ್ಳು ಹೇಳುವ ಸೆನ್ಸರ್, ಸೋರುವ ಇಂಜೆಕ್ಟರ್, ಕಟ್ಟಿಕೊಂಡ ಏರ್ ಫಿಲ್ಟರ್, ಅಥವಾ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ, ಮುಚ್ಚದೆ ನಿಂತ ಕ್ಯಾನಿಸ್ಟರ್ ವಾಲ್ವ್. ಮೊನಾಕ್ಸೈಡ್ ಕಡಿಮೆಯಿದ್ದು ಹೈಡ್ರೋಕಾರ್ಬನ್ ಮತ್ತು ಆಮ್ಲಜನಕ ಎರಡೂ ಹೆಚ್ಚಿದ್ದರೆ ಪೆಟ್ರೋಲ್ ಸುಡದೆ ಹೊರಬರುತ್ತಿದೆ. ಪ್ಲಗ್, ಪ್ಲಗ್ ವೈರ್, ಕಾಯಿಲ್, ಟೈಮಿಂಗ್, ಅಥವಾ ಒಡೆದ ವ್ಯಾಕ್ಯೂಮ್ ಪೈಪನ್ನು ಹುಡುಕಬೇಕು. ಮೊನಾಕ್ಸೈಡ್, ಹೈಡ್ರೋಕಾರ್ಬನ್ ಎರಡೂ ಹೆಚ್ಚಿದ್ದರೆ ಮಿಶ್ರಣ ಎಷ್ಟು ದಟ್ಟವಾಗಿದೆಯೆಂದರೆ ಕಿಡಿಯೇ ಹತ್ತುತ್ತಿಲ್ಲ. ಎಲ್ಲವೂ ಅನುಮಾನ ಬರುವಷ್ಟು ಚೆನ್ನಾಗಿದ್ದು ಡೈ ಆಕ್ಸೈಡ್ ಮಾತ್ರ ಶೇಕಡ 8 ಅಥವಾ 9 ಇದ್ದರೆ ಸಂತೋಷಪಡಬೇಡಿ. ಚೆನ್ನಾಗಿ ಉರಿಯುವ ಎಂಜಿನ್ನಿನಲ್ಲಿ ಅದು 13ರಿಂದ 15ರವರೆಗೆ ಇರುತ್ತದೆ. ಕಡಿಮೆ ಬಂದರೆ ಹೊಗೆಗೆ ಹೊರಗಿನ ಗಾಳಿ ಬೆರೆತಿದೆ, ಅಂದರೆ ಸೈಲೆನ್ಸರಿನಲ್ಲಿ ತೂತಿದೆ ಅಥವಾ ಯಂತ್ರದ ಕೊಳವೆ ಸಾಕಷ್ಟು ಒಳಗೆ ಹೋಗಿಲ್ಲ. ಒಂದಡಿಯಷ್ಟಾದರೂ ಅದು ಒಳಗೆ ಹೋಗಬೇಕು.

ಸೈಲೆನ್ಸರಿನ ತೂತು ಆಕ್ಸಿಜನ್ ಸೆನ್ಸರಿಗಿಂತ ಮುಂದೆ, ಎಂಜಿನ್ ಕಡೆಗಿದ್ದರೆ ಇನ್ನೂ ಕೆಡುಕು. ಪ್ರತಿ ಬಡಿತದ ನಡುವೆ ಅದು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಸೆನ್ಸರಿಗೆ ಆಮ್ಲಜನಕ ಕಾಣುತ್ತದೆ, ಇಸಿಯು ಪೆಟ್ರೋಲ್ ಸುರಿಯುತ್ತದೆ. ಬೇರೆ ಎಂಜಿನ್ನಿನ ಮ್ಯಾನಿಫೋಲ್ಡಿಗೆ ಹಳೆಯ ಪೈಪ್ ವೆಲ್ಡ್ ಮಾಡಿದ ಗಾಡಿಗಳಲ್ಲಿ ಈ ಜಾಗವೇ ಮೊದಲ ಅನುಮಾನ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಒದ್ದೆ ಬಟ್ಟೆಯಿಂದ ಹಿಂದಿನ ಬಾಯಿಯನ್ನು ಕ್ಷಣಕಾಲ ಅರ್ಧ ಮುಚ್ಚಿಸಿದರೆ ಜೋಡಣೆಗಳಲ್ಲಿ ‘ಪುಸ್’ ಎನ್ನುವ ಸದ್ದು ಕೇಳುತ್ತದೆ; ಸೋಪಿನ ನೀರು ಹಚ್ಚಿದ್ದರೆ ನೊರೆಯೇಳುತ್ತದೆ.

ಇದಾದ ಮೇಲೆ ಆಕ್ಸಿಜನ್ ಸೆನ್ಸರ್. ಬಿಸಿಯಾದ ಎಂಜಿನ್ನನ್ನು ನಿಮಿಷಕ್ಕೆ 2,500 ಸುತ್ತಿನಲ್ಲಿ ಹಿಡಿದು ಸೆನ್ಸರಿನ ತಂತಿಯಲ್ಲಿ ಅಳೆದರೆ ವೋಲ್ಟೇಜ್ 0.1 ಮತ್ತು 0.9ರ ನಡುವೆ ಬೇಗಬೇಗ ಓಲಾಡುತ್ತಿರಬೇಕು. ಮೇಲೆಯೇ ನಿಂತರೆ ಮಿಶ್ರಣ ದಟ್ಟ, ಸೆನ್ಸರ್ ನಿಜ ಹೇಳುತ್ತಿದೆ. ಕೆಳಗೆ ನಿಂತಿದ್ದೂ ಚೀಟಿಯಲ್ಲಿ ಮೊನಾಕ್ಸೈಡ್ ಹೆಚ್ಚಿದ್ದರೆ ತೂತು, ಅರ್ಥ್ ಅಥವಾ ಸತ್ತ ಸೆನ್ಸರ್. ಸೆನ್ಸರ್ ಕೊಳ್ಳುವುದು ಈ ಮೂರರಲ್ಲಿ ಮೊದಲೆರಡನ್ನು ತಳ್ಳಿಹಾಕಿದ ಮೇಲೆ.

ಎಂಜಿನ್ ಬದಲಿಸಿದ ಅನೇಕ ಗಾಡಿಗಳಲ್ಲಿ ಚೆಕ್ ಎಂಜಿನ್ ದೀಪಕ್ಕೆ ತಂತಿಯನ್ನೇ ಎಳೆದಿರುವುದಿಲ್ಲ. ಇಸಿಯುವಿನ ಆ ಪಿನ್ನಿಗೂ ಕೀ ಆನ್ ಆದಾಗ 12 ವೋಲ್ಟ್ ಬರುವ ತಂತಿಗೂ ನಡುವೆ ಒಂದು ಸಣ್ಣ ಬಲ್ಬ್ ಹಾಕಿದರೆ ಸಾಕು. ಈ ಎಂಜಿನ್ನುಗಳಲ್ಲಿ ಹಳೆಯವಕ್ಕೆ ಇಂದಿನ ಸ್ಕ್ಯಾನರ್ ಹೊಂದುವುದಿಲ್ಲ. ನಕ್ಷೆಯಲ್ಲಿ ತೋರಿಸಿದ ಡಯಾಗ್ನೋಸಿಸ್ ಪಿನ್ನುಗಳನ್ನು ಕೂಡಿಸಿದರೆ ದೀಪವೇ ಮಿಣುಕಿ ಲೆಕ್ಕ ಹೇಳುತ್ತದೆ. ಒಂದು ಮಿಣುಕು, ಸಣ್ಣ ಬಿಡುವು, ಎರಡು ಮಿಣುಕು ಎಂದರೆ 12. ಸುಜುಕಿಯ ಲೆಕ್ಕದಲ್ಲಿ ಅದು ದೋಷವಿಲ್ಲ ಎಂಬ ಸೂಚನೆ. 13 ಆಕ್ಸಿಜನ್ ಸೆನ್ಸರಿಗೆ, 14 ಮತ್ತು 15 ಕೂಲಂಟ್ ಸೆನ್ಸರಿಗೆ, 24 ವೇಗದ ಸಂಕೇತಕ್ಕೆ ಸಂಬಂಧಿಸಿದವು. 12 ಬಂದಿತೆಂದು ನಿಶ್ಚಿಂತೆಯಿಂದ ಇರಬೇಡಿ: ಥರ್ಮೋಸ್ಟಾಟ್ ಇಲ್ಲದ ನನ್ನ ಗಾಡಿಯೂ 12ನ್ನೇ ಹೇಳುತ್ತಿತ್ತು. ತಂತಿ ತುಂಡಾದರೆ ಇಸಿಯುವಿಗೆ ಗೊತ್ತಾಗುತ್ತದೆ, ಎಂಜಿನ್ ನಿಜವಾಗಿಯೂ ತಣ್ಣಗಿದ್ದರೆ ಅದರಲ್ಲಿ ಅದಕ್ಕೆ ತಪ್ಪೇನೂ ಕಾಣುವುದಿಲ್ಲ.

ಕಾರ್ಬುರೇಟರ್ ಇನ್ನೂ ಉಳಿಸಿಕೊಂಡವರಿಗೆ ಕೆಲಸ ಸರಳ: ಚೋಕ್ ಪೂರ್ತಿ ತೆರೆಯುತ್ತಿದೆಯೇ, ಫ್ಲೋಟ್ ಮಟ್ಟ ಸರಿಯಿದೆಯೇ ನೋಡಿ, ಆಮೇಲೆ ಟೆಸ್ಟ್ ಯಂತ್ರದ ಎದುರೇ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಒಳಗೆ ತಿರುಗಿಸುತ್ತ ಬನ್ನಿ. ಈಗ ಬಂಕುಗಳಲ್ಲಿ ಸಿಗುವ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಆಮ್ಲಜನಕ ಸೇರಿಯೇ ಇರುವುದರಿಂದ ಕಾರ್ಬುರೇಟರಿನ ಮಿಶ್ರಣ ತಾನಾಗಿಯೇ ತೆಳುವಾಗುತ್ತದೆ. ಚೀಟಿಯಲ್ಲಿ ಮೊನಾಕ್ಸೈಡ್ ಇಳಿದು ಹೈಡ್ರೋಕಾರ್ಬನ್ ಏರಿದರೆ ಸ್ಕ್ರೂವನ್ನು ಸ್ವಲ್ಪ ಹೊರಕ್ಕೆ ತಿರುಗಿಸಬೇಕಾದೀತು. ಹಳೆಯ ರಬ್ಬರ್ ಪೈಪುಗಳು ಇದಕ್ಕೆ ಉಬ್ಬಿ ಬಿರುಕು ಬಿಡುವುದರಿಂದ ಟ್ಯಾಂಕಿನಿಂದ ಎಂಜಿನ್ನಿನವರೆಗೆ ಎಲ್ಲವನ್ನೂ ಹೊಸದು ಮಾಡಿಸಿ.

ಟೆಸ್ಟಿಗೆ ಹೋಗುವ ಮುನ್ನ

ಕಾಗದಪತ್ರಗಳ ವಿಷಯವನ್ನು ತಳ್ಳಿಹಾಕುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ನಮೂದಾಗಬೇಕು. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸುವಾಗ ಇನ್ಸ್‌ಪೆಕ್ಟರ್ ಮೊದಲು ನೋಡುವುದೇ ಆ ನಂಬರನ್ನು. ಕಾಗದ ಸರಿಯಿಲ್ಲದ ಎಂಜಿನ್ನಿಗೆ ಮೇಲಿನ ಯಾವ ಪರೀಕ್ಷೆಯೂ ನೆರವಾಗುವುದಿಲ್ಲ.

ಹಳೆಯ ಗಾಡಿಗಳಿಗೆ ಎಮಿಷನ್ ಪ್ರಮಾಣಪತ್ರ ಆರು ತಿಂಗಳಿಗೊಮ್ಮೆ ಬೇಕು. ಟೆಸ್ಟಿನ ದಿನ ಮನೆಯಿಂದ ಎರಡು ಫರ್ಲಾಂಗ್ ದೂರದ ಕೇಂದ್ರಕ್ಕೆ ಹೋಗಿ ನಿಲ್ಲಿಸಿದರೆ ಒಳ್ಳೆಯ ಗಾಡಿಯೂ ಫೇಲಾಗುತ್ತದೆ, ಏಕೆಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರುಮಾಡಲು 250ರಿಂದ 300 ಡಿಗ್ರಿಯಷ್ಟು ಬಿಸಿಯಾಗಬೇಕು. ಹದಿನೈದು, ಇಪ್ಪತ್ತು ಕಿಲೋಮೀಟರ್ ಓಡಿಸಿ, ಸಾಲಿನಲ್ಲಿ ಕಾಯುವಾಗ ಎಂಜಿನ್ ಆಫ್ ಮಾಡದೆ, ನಿಮ್ಮ ಸರದಿಗೆ ಮುಂಚೆ ಒಂದು ನಿಮಿಷ 2,500 ಸುತ್ತಿನಲ್ಲಿ ಹಿಡಿದು ಒಳಗೆ ಬಿಡಿ. ಕೊಳವೆ ಹಾಕುವ ಹುಡುಗನ ಪಕ್ಕ ನಿಂತು ನಾಲ್ಕೂ ಅಂಕಿಗಳ ಜೊತೆಗೆ ಟೆಂಪರೇಚರ್ ಮುಳ್ಳು ಎಲ್ಲಿತ್ತು, ಬ್ಯಾಟರಿ ವೋಲ್ಟ್ ಎಷ್ಟಿತ್ತು ಎಂಬುದನ್ನೂ ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ. ಆರು ತಿಂಗಳ ನಂತರ ಅಂಕಿ ಏರಿದ್ದರೆ ಮೊದಲು ಹೋಲಿಸಬೇಕಾದದ್ದು ಆ ಎರಡು ಸಾಲುಗಳನ್ನು.